ಪ್ರೌಢಶಾಲೆಯ ಚಿತ್ರಕಲಾ ತರಗತಿ: ಪಾಲಕರು ತಿಳಿದಿರಬೇಕಾದುದು

ಥಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿ ಪರಿಸರದ ಕನ್ನಡಿಗ ಮನೆಗಳಲ್ಲಿ ಮಕ್ಕಳು ಏಳನೆಯ ಅಥವಾ ಎಂಟನೆಯ ತರಗತಿಗೆ ಬಂದಾಗ ಶಾಲೆಯಿಂದ ಒಂದು ಪ್ರಶ್ನೆ ಬರುವುದುಂಟು: ನಿಮ್ಮ ಮಗುವನ್ನು ಎಲಿಮೆಂಟರಿ ಚಿತ್ರಕಲಾ ಪರೀಕ್ಷೆಗೆ ಕೂಡಿಸುವಿರಾ? ಗಣಿತ, ವಿಜ್ಞಾನಗಳ ಕೋಚಿಂಗ್ ತರಗತಿಗಳ ನಡುವೆ ಈ ಪ್ರಶ್ನೆಗೆ ಉತ್ತರ ಹೇಳುವುದು ಹಲವರಿಗೆ ಕಷ್ಟ. ಮಗು ಕೈಯಲ್ಲಿ ಹಿಡಿದ ಕುಂಚವನ್ನು ಕೆಳಗಿಡುವುದೂ ಬಹುಮಟ್ಟಿಗೆ ಈ ವಯಸ್ಸಿನಲ್ಲಿಯೇ. ಆದುದರಿಂದ ಈ ತರಗತಿಯಲ್ಲಿ ಏನನ್ನು ಕಲಿಸುತ್ತಾರೆ, ಮನೆಯವರು ಏನನ್ನು ನಿರೀಕ್ಷಿಸಬೇಕು ಎಂಬುದನ್ನು ಇಲ್ಲಿ ಸಂಗ್ರಹವಾಗಿ ಹೇಳಬಯಸುತ್ತೇವೆ.

ಪರೀಕ್ಷೆಯ ಹಿನ್ನೆಲೆ

ಮಹಾರಾಷ್ಟ್ರದಲ್ಲಿ ಎಲಿಮೆಂಟರಿ ಮತ್ತು ಇಂಟರ್‌ಮೀಡಿಯೆಟ್ ಎಂಬ ಎರಡು ಚಿತ್ರಕಲಾ ಪರೀಕ್ಷೆಗಳನ್ನು ರಾಜ್ಯದ ಕಲಾ ಸಂಚಾಲನಾಲಯ ನಡೆಸುತ್ತದೆ. ಈ ಸಂಚಾಲನಾಲಯ 1965ರಲ್ಲಿ ಸ್ಥಾಪಿತವಾಯಿತು. ಪರೀಕ್ಷೆಗಳ ಪರಂಪರೆಯಾದರೋ ಹಿಂದಿನ ಮುಂಬಯಿ ಪ್ರಾಂತದ ಕಾಲದ್ದು. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳು 1956ರವರೆಗೆ ಮುಂಬಯಿ ರಾಜ್ಯದಲ್ಲಿಯೇ ಇದ್ದುದರಿಂದ ಆ ಭಾಗದ ಹಿರಿಯರಿಗೆ ಈ ಹೆಸರುಗಳು ಹೊಸವಲ್ಲ. ಕರ್ನಾಟಕದಲ್ಲಿ ಇವುಗಳನ್ನು ಹೋಲುವ ಲೋಯರ್ ಮತ್ತು ಹೈಯರ್ ಗ್ರೇಡ್ ಪರೀಕ್ಷೆಗಳಿವೆ.

ಎಲಿಮೆಂಟರಿಯಲ್ಲಿ ನಾಲ್ಕು ವಿಷಯಗಳು: ವಸ್ತುಚಿತ್ರ, ಸ್ಮರಣಚಿತ್ರ, ಸಂಕಲ್ಪಚಿತ್ರ, ಮತ್ತು ಭೂಮಿತಿಯೊಂದಿಗೆ ಅಕ್ಷರಲೇಖನ. ಇಂಟರ್‌ಮೀಡಿಯೆಟ್‌ನಲ್ಲಿ ವಸ್ತುಚಿತ್ರದ ಸ್ಥಾನದಲ್ಲಿ ಸ್ಥಿರಚಿತ್ರ ಬರುತ್ತದೆ. ಭೂಮಿತಿಯಲ್ಲಿ ಘನಾಕೃತಿಗಳು ಸೇರುತ್ತವೆ. ಫಲಿತಾಂಶ ಎ, ಬಿ, ಸಿ ಶ್ರೇಣಿಗಳಲ್ಲಿ ಪ್ರಕಟವಾಗುತ್ತದೆ. ಶಾಲೆಯ ಪ್ರಾಥಮಿಕ ಚಿತ್ರಕಲಾ ತರಗತಿ ನಡೆಯುವುದೂ ಈ ನಾಲ್ಕು ವಿಷಯಗಳ ಸುತ್ತಲೇ.

ವಸ್ತುಚಿತ್ರ: ಕಣ್ಣಿಗೆ ಪಾಠ

ಮೊದಲ ಕೆಲವು ವಾರಗಳಲ್ಲಿ ಮಗು ಬಣ್ಣವನ್ನು ಮುಟ್ಟದಿರಬಹುದು. ತಂಬಿಗೆ, ಬಕೆಟ್ಟು, ಪುಸ್ತಕ, ಬದನೆಕಾಯಿಗಳನ್ನು ಮುಂದಿಟ್ಟು ಪೆನ್ಸಿಲಿನಿಂದ ಬರೆಯಲು ಹೇಳುತ್ತಾರೆ. ‘ಇಷ್ಟೇನಾ ಕಲಿಸುವುದು’ ಎಂದು ಪಾಲಕರು ಬೇಸರಪಡಬಾರದು. ತಂಬಿಗೆಯ ಬಾಯಿ ವೃತ್ತಾಕಾರವೆಂದು ಮಗುವಿಗೆ ಗೊತ್ತು; ಆದರೆ ಎದುರು ಕುಳಿತಾಗ ಅದು ಚಪ್ಪಟೆಯಾದ ಅಂಡಾಕೃತಿಯಾಗಿ ಕಾಣುತ್ತದೆ. ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದರೆ ಬರಿಯ ಗೆರೆ. ಕಣ್ಣಿನ ಮಟ್ಟದಿಂದ ಕೆಳಗಿಳಿದಷ್ಟೂ ಆ ಆಕೃತಿ ತೆರೆದುಕೊಳ್ಳುತ್ತದೆ. ಆದುದರಿಂದ ತಂಬಿಗೆಯ ತಳದ ಬಾಗು ಬಾಯಿಯ ಬಾಗಿಗಿಂತ ಹೆಚ್ಚು ದುಂಡಗಿರಬೇಕು. ಹೆಚ್ಚಿನ ಮಕ್ಕಳು ತಳವನ್ನು ನೇರ ಗೆರೆಯಾಗಿ ಎಳೆಯುತ್ತಾರೆ. ತನಗೆ ತಿಳಿದದ್ದನ್ನು ಬಿಟ್ಟು ಕಂಡದ್ದನ್ನು ಬರೆಯುವುದೇ ಈ ತರಗತಿಯ ಮೊದಲ ಪಾಠ.

ಮುಂದಿನ ಹೆಜ್ಜೆ ನೆರಳು-ಬೆಳಕು. ಬೆಳಕು ಯಾವ ಕಡೆಯಿಂದ ಬೀಳುತ್ತಿದೆ, ವಸ್ತುವಿನ ಮೇಲಿನ ಹೊಳಪು ಎಲ್ಲಿ, ಗಾಢವಾದ ನೆರಳು ಎಲ್ಲಿ, ಮೇಜಿನ ಮೇಲೆ ಬಿದ್ದ ನೆರಳು ಎತ್ತ ಚಾಚಿದೆ ಎಂಬುದನ್ನು ಗುರುತಿಸಲು ಕಲಿಸುತ್ತಾರೆ. ಮನೆಯಲ್ಲಿ ಅಭ್ಯಾಸ ಮಾಡುವಾಗ ಒಂದೇ ಕಿಟಕಿಯ ಬೆಳಕು ಬೀಳುವಂತೆ ವಸ್ತುಗಳನ್ನಿಡುವುದು ಒಳಿತು.

ಸ್ಮರಣಚಿತ್ರ: ನಮ್ಮ ಊರೇ ಪಾಠಶಾಲೆ

ಇದರಲ್ಲಿ ಕೊಟ್ಟ ವಿಷಯವನ್ನು ನೆನಪಿನಿಂದ ಬರೆಯಬೇಕು: ತರಕಾರಿ ಮಾರುಕಟ್ಟೆ, ಗಣಪತಿ ವಿಸರ್ಜನೆ, ಬಸ್ಸಿಗಾಗಿ ಕಾಯುವ ಜನ, ಮಳೆಗಾಲದ ದಿನ. ಇಂಥ ವಿಷಯಗಳಿಗೆ ನಮ್ಮ ಪರಿಸರದಲ್ಲಿ ಕೊರತೆಯಿಲ್ಲ. ಡೊಂಬಿವಲಿ ನಿಲ್ದಾಣದ ಪಾದಚಾರಿ ಸೇತುವೆಯ ಮೇಲಿನಿಂದ ನೋಡಿದರೆ ಹಳಿಗಳು ದೂರದಲ್ಲಿ ಒಂದೇ ಬಿಂದುವಿನತ್ತ ಸಾಗುವುದು ಕಾಣುತ್ತದೆ; ದೃಷ್ಟಿಕ್ರಮದ ಪಾಠಕ್ಕೆ ಅದಕ್ಕಿಂತ ಉತ್ತಮ ಉದಾಹರಣೆ ಬೇಕಿಲ್ಲ. ಥಾಣೆಯ ತಲಾವಪಾಳಿ, ಕಲ್ಯಾಣದ ದುರ್ಗಾಡಿ ಕೋಟೆ, ನೆರೂಳಿನ ಕಡೆ ಬರುವ ಫ್ಲೆಮಿಂಗೋ ಹಕ್ಕಿಗಳು, ಇವೆಲ್ಲ ನೋಡಿ ನೆನಪಿಡಬೇಕಾದ ದೃಶ್ಯಗಳೇ.

ಮನುಷ್ಯಾಕೃತಿ ಮಕ್ಕಳಿಗೆ ಕಷ್ಟದ ಭಾಗ. ಬೆಳೆದವರ ಎತ್ತರ ತಲೆಯ ಉದ್ದದ ಸುಮಾರು ಏಳೂವರೆಯಷ್ಟಿರುತ್ತದೆ. ಮಕ್ಕಳಲ್ಲಿ ಈ ಪ್ರಮಾಣ ಕಡಿಮೆ. ಮಾರುಕಟ್ಟೆಯಲ್ಲಿ ಸಿಗುವ ಮಾದರಿ ಚಿತ್ರಗಳ ಪುಸ್ತಕವನ್ನು ಬಾಯಿಪಾಠ ಮಾಡಿದಂತೆ ನಕಲು ಮಾಡಿದ ಮಗು, ಪ್ರಶ್ನೆ ಸ್ವಲ್ಪ ಬದಲಾದರೂ ಕಂಗೆಡುತ್ತದೆ. ದಿನಕ್ಕೆ ಹತ್ತು ನಿಮಿಷ ಮನೆಯವರನ್ನೇ ನೋಡಿ, ಕುಳಿತವರನ್ನೂ ನಿಂತವರನ್ನೂ ಬರೆದ ಮಗು ಕಂಗೆಡುವುದಿಲ್ಲ.

ಸಂಕಲ್ಪಚಿತ್ರ, ಭೂಮಿತಿ, ಅಕ್ಷರ

ಸಂಕಲ್ಪಚಿತ್ರವೆಂದರೆ ಕೊಟ್ಟ ಚೌಕ ಅಥವಾ ವೃತ್ತದೊಳಗೆ ಎಲೆ, ಹೂ, ಜ್ಯಾಮಿತಿಯ ಆಕೃತಿಗಳನ್ನು ಜೋಡಿಸಿ ಬಣ್ಣ ತುಂಬುವ ಅಲಂಕಾರ. ಇಲ್ಲಿ ಕನ್ನಡಿಗರ ಮನೆಯ ಮಗುವಿಗೆ ದೊಡ್ಡ ಆಸ್ತಿಯಿದೆ. ಅಜ್ಜಿಯ ಚುಕ್ಕಿ ರಂಗೋಲಿ ಸಮಮಿತಿಯ ಪಾಠ. ಕಸೂತಿಯ ಗೋಪುರ, ತೇರು, ಆನೆಗಳು ಸರಳೀಕರಣದ ಪಾಠ. ಇಳಕಲ್ ಸೀರೆಯ ಅಂಚು ಪುನರಾವರ್ತನೆಯ ಪಾಠ. ಯಕ್ಷಗಾನದ ಮುಖವರ್ಣಿಕೆ ಬಣ್ಣಗಳ ವಿರೋಧದ ಪಾಠ. ಕಪಾಟಿನಲ್ಲಿರುವ ಸೀರೆಯನ್ನು ಹೊರತೆಗೆದು ಮಗುವಿನ ಮುಂದೆ ಹರಡಿ ತೋರಿಸಲು ಖರ್ಚೇನೂ ಇಲ್ಲ.

ಅಕ್ಷರಲೇಖನದಲ್ಲಿ ಗೆರೆಯ ದಪ್ಪ ಮತ್ತು ಅಕ್ಷರಗಳ ನಡುವಿನ ಅಂತರ ಮುಖ್ಯ. ಮರಾಠಿ, ಇಂಗ್ಲಿಷ್ ಮಾಧ್ಯಮದಲ್ಲಿ ಓದುವ ನಮ್ಮ ಮಕ್ಕಳಿಗೆ ಮನೆಯಲ್ಲಿ ದುಂಡಗಿನ ಕನ್ನಡ ಅಕ್ಷರಗಳನ್ನು ದೊಡ್ಡದಾಗಿ ಬರೆಯಿಸಿದರೆ ಕೈ ಪಳಗುತ್ತದೆ, ಲಿಪಿಯೂ ಪರಿಚಯವಾಗುತ್ತದೆ.

ಸಾಮಗ್ರಿ

ಎಚ್‌ಬಿ, 2ಬಿ, 4ಬಿ ಪೆನ್ಸಿಲು, ಭೂಮಿತಿಗೆ ಎಚ್ ಪೆನ್ಸಿಲು ಮತ್ತು ಕಂಪಾಸ್ ಪೆಟ್ಟಿಗೆ, ಜಲವರ್ಣ, ಪೋಸ್ಟರ್ ಬಣ್ಣ, ಸಣ್ಣ, ಮಧ್ಯಮ, ದೊಡ್ಡ ಮೂರು ಕುಂಚ, ಒಂದು ಹಲಗೆ. ಆರಂಭಕ್ಕೆ ಇಷ್ಟು ಸಾಕು. ಕಾಲು ಇಂಪೀರಿಯಲ್ ಕಾಗದ 11 ಇಂಚು ಅಗಲ, 15 ಇಂಚು ಉದ್ದ. ಜಲವರ್ಣವನ್ನು ತಿಳಿಯಿಂದ ಗಾಢಕ್ಕೆ ಹಚ್ಚಬೇಕು, ಕಾಗದದ ಬಿಳುಪೇ ಬೆಳಕು. ಪೋಸ್ಟರ್ ಬಣ್ಣ ಅಪಾರದರ್ಶಕವಾದುದರಿಂದ ಗಾಢದ ಮೇಲೂ ತಿಳಿಬಣ್ಣ ನಿಲ್ಲುತ್ತದೆ. ದುಬಾರಿ ಪೆಟ್ಟಿಗೆಗಿಂತ ಒಳ್ಳೆಯ ಕುಂಚಕ್ಕೆ ಹಣ ಹಾಕುವುದು ಜಾಣತನ.

ಅಂಕಗಳ ಲೆಕ್ಕ

ಬ್ಯಾಂಕಿನಲ್ಲಿ ಆಯುಷ್ಯ ಕಳೆದ ನಮ್ಮಂಥವರು ಲಾಭದ ಮಾತನ್ನು ಬಿಡಲಾರೆವು. ರಾಜ್ಯ ಮಂಡಳಿಯ ಹತ್ತನೆಯ ತರಗತಿಯ ವಿದ್ಯಾರ್ಥಿಗಳಿಗೆ ಇಂಟರ್‌ಮೀಡಿಯೆಟ್‌ನಲ್ಲಿ ಪಡೆದ ಶ್ರೇಣಿಗನುಗುಣವಾಗಿ ಹೆಚ್ಚುವರಿ ಅಂಕ ನೀಡುವ ವ್ಯವಸ್ಥೆ 2018ರ ಪರೀಕ್ಷೆಯಿಂದ ಎ ಶ್ರೇಣಿಗೆ 7, ಬಿ ಶ್ರೇಣಿಗೆ 5, ಸಿ ಶ್ರೇಣಿಗೆ 3 ಎಂದು ಜಾರಿಗೆ ಬಂತು. ಅದಕ್ಕಾಗಿ ಶಾಲೆಯ ಮೂಲಕ ಸಕಾಲದಲ್ಲಿ ಪ್ರಸ್ತಾವ ಹೋಗಬೇಕು. ಆಯಾ ವರ್ಷದ ನಿಯಮವನ್ನು ಚಿತ್ರಕಲಾ ಶಿಕ್ಷಕರಲ್ಲಿ ಕೇಳಿ ತಿಳಿದುಕೊಳ್ಳಬೇಕು. ಹನ್ನೆರಡನೆಯ ತರಗತಿಯ ನಂತರ ಪ್ರವೇಶ ಪರೀಕ್ಷೆ ಬರೆದು ನಾಲ್ಕು ವರ್ಷಗಳ ಲಲಿತಕಲಾ ಪದವಿಗೆ ಸೇರಬಹುದು. ವಾಸ್ತುಶಿಲ್ಪ, ಆನಿಮೇಶನ್, ವಸ್ತ್ರವಿನ್ಯಾಸಗಳಿಗೂ ಈ ಅಡಿಪಾಯ ಉಪಯುಕ್ತ.

1857ರಲ್ಲಿ ಆರಂಭವಾದ ಮುಂಬಯಿಯ ಸರ್ ಜೆ. ಜೆ. ಕಲಾಶಾಲೆ ಕನ್ನಡಿಗರಿಗೆ ಪರಕೀಯವಲ್ಲ. ಉಡುಪಿ ಬಳಿಯ ಕಟ್ಟಿಂಗೇರಿಯ ಕೆ. ಕೆ. ಹೆಬ್ಬಾರರು (1911-1996) ಅಲ್ಲಿ ಕಲಿತು ಅಲ್ಲಿಯೇ ಕಲಿಸಿದವರು. ಗುಲ್ಬರ್ಗದ ಎಸ್. ಎಂ. ಪಂಡಿತರು (1916-1993) ಮುಂಬಯಿಯಲ್ಲಿ ನೆಲೆಸಿ ಚಲನಚಿತ್ರಗಳ ಭಿತ್ತಿಪತ್ರ ಹಾಗೂ ಕ್ಯಾಲೆಂಡರ್ ಚಿತ್ರಗಳಿಂದ ಮನೆಮಾತಾದವರು.

ಪಾಲಕರಿಗೆ ಕೆಲವು ಸೂಚನೆಗಳು

ಮಗುವಿನ ಚಿತ್ರವನ್ನು ಪಾಲಕರು ತಿದ್ದಿ ಚೆಂದಗೊಳಿಸಬಾರದು. ಆ ದಿನ ಚಿತ್ರ ಸುಂದರವಾಗುತ್ತದೆ. ಆದರೆ ತನ್ನ ಕೈ ಸಾಲದೆಂಬ ಭಾವನೆ ಮಗುವಿನಲ್ಲಿ ಉಳಿಯುತ್ತದೆ. ‘ಚೆನ್ನಾಗಿದೆ’ ಎಂದಷ್ಟೇ ಹೇಳದೆ ‘ಈ ನೆರಳು ಇಲ್ಲಿಗೇಕೆ ಬಂತು’ ಎಂದು ಕೇಳಿದರೆ ಅದು ಉತ್ಸಾಹದಿಂದ ವಿವರಿಸುತ್ತದೆ. ಪಕ್ಕದ ಮನೆಯ ಮಗುವಿನೊಂದಿಗೆ ಹೋಲಿಕೆ ಬೇಡ. ಎಡಗೈಯಲ್ಲಿ ಬರೆಯುವ ಮಗುವನ್ನು ಬಲಗೈಗೆ ಒತ್ತಾಯಿಸಬಾರದು.

ಕೆಂಪು-ಹಸಿರುಗಳನ್ನು ಮಗು ಮತ್ತೆ ಮತ್ತೆ ಅದಲುಬದಲು ಮಾಡುತ್ತಿದ್ದರೆ ಅಜಾಗರೂಕತೆಯೆಂದು ಗದರಿಸದೆ ನೇತ್ರತಜ್ಞರಿಗೆ ತೋರಿಸಬೇಕು. ಹುಟ್ಟಿನಿಂದ ಬರುವ ವರ್ಣಾಂಧತೆ ಗಂಡುಮಕ್ಕಳಲ್ಲಿ ಹೆಚ್ಚು. ಅದು ಎಷ್ಟೋ ವೇಳೆ ಮೊದಲು ಗೊತ್ತಾಗುವುದು ಚಿತ್ರಕಲಾ ತರಗತಿಯಲ್ಲಿಯೇ; ಮುಂದೆ ವೃತ್ತಿ ಆರಿಸುವಾಗ ಇದು ತಿಳಿದಿರಬೇಕು.

ಎಲಿಮೆಂಟರಿಯಲ್ಲಿ ಸಿ ಶ್ರೇಣಿ ಬಂದ ಮಾತ್ರಕ್ಕೆ ಮಗುವಿಗೆ ಕಲೆ ಒಲಿಯದೆಂದು ತೀರ್ಮಾನಿಸಲಾಗದು. ಪರೀಕ್ಷೆ ಅಳೆಯುವುದು ಎರಡು ದಿನಗಳ ಕೆಲಸವನ್ನು ಮಾತ್ರ. ಶಾಲೆಯ ಪ್ರಶ್ನೆಗೆ ಉತ್ತರಿಸುವ ಮೊದಲು ನಾವು ಮಗುವನ್ನೇ ಕೇಳೋಣ. ಆಸಕ್ತಿಯಿದ್ದರೆ ವಾರಕ್ಕೆ ಎರಡು ತಾಸು ಬಿಟ್ಟುಕೊಡೋಣ. ಎಲ್ಲರೂ ಕಲಾವಿದರಾಗಬೇಕಾಗಿಲ್ಲ. ಸುತ್ತಲಿನದನ್ನು ನಿಂತು ನೋಡಲು ಬಲ್ಲ ಮಗು ಯಾವ ವೃತ್ತಿಗೆ ಹೋದರೂ ಆ ಕಣ್ಣು ಅದರೊಂದಿಗೆ ಇರುತ್ತದೆ.