ಆಕಾಶ ಯಾರಿಗಾಗಿ? ವಿಕ್ರಂ ಸಾರಾಭಾಯಿ ಮತ್ತು ಗುಲ್ಬರ್ಗಾದ ಹಳ್ಳಿಗಳು

ಆಳಂದ, ಅಫಜಲಪುರ, ಜೇವರ್ಗಿ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಕಪ್ಪು ಎರೆಭೂಮಿ, ತೊಗರಿ ಮತ್ತು ಜೋಳದ ಹೊಲಗಳು, ಭೀಮಾ ನದಿಯ ದಂಡೆ, ಗಾಣಗಾಪುರದ ಯಾತ್ರಿಕರು. ಬಾಹ್ಯಾಕಾಶ ವಿಜ್ಞಾನದ ಇತಿಹಾಸದಲ್ಲಿ ಈ ಸೀಮೆಗೂ ಒಂದು ಸ್ಥಾನವಿದೆ ಎಂಬುದು ಯಾರಿಗೂ ತಟ್ಟನೆ ಹೊಳೆಯುವುದಿಲ್ಲ.

1975ರ ಆಗಸ್ಟ್ 1ರಂದು ಉಪಗ್ರಹ ಬೋಧನಾ ದೂರದರ್ಶನ ಪ್ರಯೋಗ ನಮ್ಮ ದೇಶದಲ್ಲಿ ಆರಂಭವಾಯಿತು. ಇಂಗ್ಲಿಷಿನ ಮೊದಲಕ್ಷರಗಳಿಂದ ಅದನ್ನು 'ಸೈಟ್' ಎಂದು ಕರೆದರು. ಭೂಮಿಯಿಂದ ಸುಮಾರು 36,000 ಕಿ.ಮೀ. ಎತ್ತರದಲ್ಲಿದ್ದ ಒಂದು ಉಪಗ್ರಹ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ನೇರವಾಗಿ ಚಿತ್ರ ಮತ್ತು ಧ್ವನಿಗಳನ್ನು ಕಳುಹಿಸತೊಡಗಿತು. ಕರ್ನಾಟಕದಲ್ಲಿ ಇದಕ್ಕಾಗಿ ಆರಿಸಿದ ಜಿಲ್ಲೆಗಳು ಮೂರು: ಗುಲ್ಬರ್ಗಾ, ರಾಯಚೂರು ಮತ್ತು ಬಿಜಾಪುರ. ಮೇಲೆ ಹೇಳಿದ ಮೂರು ತಾಲ್ಲೂಕುಗಳು ಇಂದು ಕಲಬುರಗಿ ಎಂದು ಕರೆಯಲಾಗುವ ಈ ಗುಲ್ಬರ್ಗಾ ಜಿಲ್ಲೆಗೇ ಸೇರಿದವು. ಆಗ ರಾಜಧಾನಿ ಬೆಂಗಳೂರಿನಲ್ಲಿಯೂ ದೂರದರ್ಶನ ಕೇಂದ್ರವಿರಲಿಲ್ಲ. ಅದು ಬಂದದ್ದು 1981ರ ನವೆಂಬರ್ 1ರಂದು.

ಮೊದಲು ನಗರ, ಆಮೇಲೆ ಹಳ್ಳಿ ಎಂಬುದು ನಮ್ಮ ರೂಢಿ. ಈ ಒಂದು ವಿಷಯದಲ್ಲಿ ಅದು ತಲೆಕೆಳಗಾದದ್ದು ಹೇಗೆ? ಇದಕ್ಕೆ ಉತ್ತರ ಹುಡುಕಿದರೆ ಒಬ್ಬ ವಿಜ್ಞಾನಿಯ ಬಾಳಿನ ಕಥೆ ತೆರೆದುಕೊಳ್ಳುತ್ತದೆ. ಅವರೇ ವಿಕ್ರಂ ಸಾರಾಭಾಯಿ.

ವಿಕ್ರಂ ಸಾರಾಭಾಯಿ ಅವರು 1919ರ ಆಗಸ್ಟ್ 12ರಂದು ಅಹಮದಾಬಾದಿನ ಶ್ರೀಮಂತ ಉದ್ಯಮಿ ಕುಟುಂಬದಲ್ಲಿ ಜನಿಸಿದರು. ಕೇಂಬ್ರಿಜ್‌ನಲ್ಲಿ ಓದುತ್ತಿದ್ದಾಗ ಎರಡನೆಯ ಮಹಾಯುದ್ಧ ಆರಂಭವಾದ್ದರಿಂದ ಸ್ವದೇಶಕ್ಕೆ ಮರಳಬೇಕಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಸರ್ ಸಿ.ವಿ. ರಾಮನ್ ಅವರ ಮಾರ್ಗದರ್ಶನದಲ್ಲಿ ಸಂಶೋಧನೆಗೆ ತೊಡಗಿದರು. ಅವರು ಆರಿಸಿಕೊಂಡ ವಿಷಯ ವಿಶ್ವಕಿರಣಗಳು.

ವಿಶ್ವಕಿರಣಗಳೆಂದರೇನು? ಅಂತರಿಕ್ಷದಿಂದ ಹಗಲೂ ರಾತ್ರಿಯೂ ಭೂಮಿಯತ್ತ ಧಾವಿಸಿ ಬರುವ, ಅಪಾರ ಶಕ್ತಿಯುಳ್ಳ ಸೂಕ್ಷ್ಮ ಕಣಗಳು ಇವು. ಇವುಗಳ ಸಂಖ್ಯೆ ಸದಾ ಒಂದೇ ಸಮನಾಗಿರುವುದಿಲ್ಲ; ಸೂರ್ಯನ ಚಟುವಟಿಕೆಗೆ ತಕ್ಕಂತೆ ಏರುಪೇರಾಗುತ್ತದೆ. ಈ ಏರುಪೇರನ್ನು ಎಡೆಬಿಡದೆ ಅಳೆದರೆ ಸೂರ್ಯನ ಬಗೆಗೂ, ಸೂರ್ಯ ಮತ್ತು ಭೂಮಿಯ ನಡುವಣ ಅವಕಾಶದ ಬಗೆಗೂ ತಿಳಿಯಬಹುದು. ಕಣ್ಣಿಗೆ ಕಾಣುವ ಬೆಳಕಿನಿಂದ ನಕ್ಷತ್ರಗಳನ್ನು ಅರಿಯುವುದು ಖಗೋಳ ವಿಜ್ಞಾನದ ಒಂದು ದಾರಿಯಾದರೆ, ಕಣಗಳನ್ನು ಎಣಿಸಿ ಅರಿಯುವುದು ಇನ್ನೊಂದು ದಾರಿ. ಸಾರಾಭಾಯಿ ಅವರ ಮೊದಲ ಪ್ರಬಂಧ 1942ರಲ್ಲಿ ಪ್ರಕಟವಾಯಿತು. ಯುದ್ಧ ಮುಗಿದ ಮೇಲೆ ಮತ್ತೆ ಕೇಂಬ್ರಿಜ್‌ಗೆ ಹೋಗಿ 1947ರಲ್ಲಿ ಡಾಕ್ಟರೇಟ್ ಪಡೆದರು. ಅದೇ ವರ್ಷ ನವೆಂಬರಿನಲ್ಲಿ ಅಹಮದಾಬಾದಿನಲ್ಲಿ ಭೌತ ಸಂಶೋಧನಾ ಪ್ರಯೋಗಾಲಯವನ್ನು ಸ್ಥಾಪಿಸಿದರು.

ಬೆಂಗಳೂರು ಅವರಿಗೆ ವಿಜ್ಞಾನವನ್ನು ಮಾತ್ರ ಕೊಡಲಿಲ್ಲ. ನೃತ್ಯ ಕಲಾವಿದೆ ಮೃಣಾಲಿನಿ ಅವರ ಪರಿಚಯವಾದದ್ದೂ ಇಲ್ಲಿಯೇ. 1942ರಲ್ಲಿ ಅವರ ವಿವಾಹವಾಯಿತು. 1949ರಲ್ಲಿ ದಂಪತಿಗಳು ಅಹಮದಾಬಾದಿನಲ್ಲಿ 'ದರ್ಪಣ' ಎಂಬ ಕಲಾಸಂಸ್ಥೆಯನ್ನು ಆರಂಭಿಸಿದರು. ಭರತನಾಟ್ಯ ಮತ್ತು ಕಥಕ್ಕಳಿಗಳಲ್ಲಿ ನುರಿತ ಮೃಣಾಲಿನಿ ಅವರು ಆ ಶಾಸ್ತ್ರೀಯ ಭಾಷೆಯಲ್ಲಿಯೇ ಹೆಣ್ಣುಮಕ್ಕಳ ಸಂಕಟದಂಥ ಸಮಕಾಲೀನ ವಿಷಯಗಳನ್ನೂ ರಂಗಕ್ಕೆ ತಂದರು. ಕಲೆ ಕೇವಲ ಅಲಂಕಾರವಲ್ಲ, ಅದು ಸಮಾಜದೊಡನೆ ಮಾತನಾಡಬೇಕು ಎಂಬುದು ಆ ಮನೆಯ ನಂಬಿಕೆಯಾಗಿತ್ತು. ವಿಜ್ಞಾನವೂ ಹಾಗೆಯೇ ಮಾತನಾಡಬೇಕೆಂದು ವಿಕ್ರಂ ಬಗೆದರು.

1962ರಲ್ಲಿ ಭಾರತದ ಬಾಹ್ಯಾಕಾಶ ಸಂಶೋಧನಾ ಸಮಿತಿ ಅವರ ಅಧ್ಯಕ್ಷತೆಯಲ್ಲಿ ರಚಿತವಾಯಿತು. 1963ರ ನವೆಂಬರ್ 21ರಂದು ಕೇರಳದ ತುಂಬಾದಿಂದ ಮೊದಲ ರಾಕೆಟ್ ಮೇಲೇರಿತು. ಆಗ ಎದ್ದ ಪ್ರಶ್ನೆ ತೀಕ್ಷ್ಣವಾದುದು: ಹೊಟ್ಟೆಗೆ ಅನ್ನವಿಲ್ಲದ, ಓದುಬರಹ ಬಾರದ ಕೋಟ್ಯಂತರ ಜನರಿರುವ ದೇಶಕ್ಕೆ ರಾಕೆಟ್ಟು ಬೇಕೆ? ಈ ಪ್ರಶ್ನೆಯನ್ನು ಸಾರಾಭಾಯಿ ತಳ್ಳಿಹಾಕಲಿಲ್ಲ. ಚಂದ್ರನನ್ನು ಮುಟ್ಟುವ ಸ್ಪರ್ಧೆ ನಮ್ಮದಲ್ಲ. ಮನುಷ್ಯನ ಮತ್ತು ಸಮಾಜದ ನಿಜವಾದ ಕಷ್ಟಗಳಿಗೆ ಮುಂದುವರಿದ ತಂತ್ರಜ್ಞಾನವನ್ನು ಬಳಸುವುದರಲ್ಲಿ ನಾವು ಯಾರಿಗೂ ಕಡಿಮೆಯಾಗಬಾರದು ಎಂಬುದು ಅವರ ಉತ್ತರದ ತಿರುಳು. 1968ರಲ್ಲಿ ವಿಯೆನ್ನಾದಲ್ಲಿ ಬಾಹ್ಯಾಕಾಶದ ಶಾಂತಿಯುತ ಬಳಕೆಯನ್ನು ಕುರಿತು ವಿಶ್ವಸಂಸ್ಥೆ ನಡೆಸಿದ ಸಮ್ಮೇಳನದಲ್ಲಿ ಅವರು ವೈಜ್ಞಾನಿಕ ವಿಭಾಗದ ಹೊಣೆ ಹೊತ್ತರು. ಆಕಾಶ ಬಲಿಷ್ಠರ ಸೊತ್ತಲ್ಲ, ಬಡರಾಷ್ಟ್ರಗಳಿಗೂ ಅದರಲ್ಲಿ ಪಾಲಿದೆ ಎಂಬುದು ಅವರ ನಿಲುವಾಗಿತ್ತು.

ಮಾತಿನ ಹಿಂದೆ ಕಾರ್ಯವೂ ಇತ್ತು. 1967ರ ಜನವರಿ 26ರಂದು ದೆಹಲಿಯ ಸುತ್ತಲಿನ 80 ಹಳ್ಳಿಗಳ ರೈತರಿಗಾಗಿ 'ಕೃಷಿ ದರ್ಶನ' ಆರಂಭವಾದುದರ ಹಿಂದೆ ಅವರ ಒತ್ತಾಸೆಯಿತ್ತು. 1969ರಲ್ಲಿ ಅಮೆರಿಕದ ನಾಸಾ ಸಂಸ್ಥೆಯೊಡನೆ ಒಪ್ಪಂದವಾಗಿ, ಎ.ಟಿ.ಎಸ್.-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಭಾರತಕ್ಕೆ ಎರವಲು ಕೊಡುವುದೆಂದು ನಿಶ್ಚಯವಾಯಿತು. ಅದರ ಫಲವನ್ನು ಕಾಣುವ ಭಾಗ್ಯ ಸಾರಾಭಾಯಿ ಅವರಿಗೆ ಇರಲಿಲ್ಲ. 1971ರ ಡಿಸೆಂಬರ್ 30ರಂದು, ತಮ್ಮ 52ನೆಯ ವಯಸ್ಸಿನಲ್ಲಿ, ಅವರು ಕೋವಳಂನಲ್ಲಿ ತೀರಿಕೊಂಡರು.

ಇನ್ನು ನಮ್ಮ ಹಳ್ಳಿಗಳಿಗೆ ಬರೋಣ. ಉಪಗ್ರಹದ ಸಂಕೇತವನ್ನು ಹಿಡಿಯಲು ಕೋಳಿಗೂಡಿಗೆ ಬಳಸುವಂಥ ತಂತಿಬಲೆಯಿಂದ ಮಾಡಿದ, ಸುಮಾರು 3 ಮೀಟರ್ ಅಗಲದ ಕೊಡೆಯಾಕಾರದ ಆಂಟೆನಾವನ್ನು ಹಳ್ಳಿಯಲ್ಲಿ ನಿಲ್ಲಿಸಿದರು. ಸೆಟ್ಟು ಯಾರೊಬ್ಬರದೂ ಅಲ್ಲ, ಇಡೀ ಊರಿನದು. ಬೆಳಗ್ಗೆ ಶಾಲಾ ಮಕ್ಕಳಿಗೆ ಒಂದೂವರೆ ಗಂಟೆ, ಸಂಜೆ ದೊಡ್ಡವರಿಗೆ ಎರಡೂವರೆ ಗಂಟೆ ಕಾರ್ಯಕ್ರಮ. ಬೇಸಾಯ, ಆರೋಗ್ಯ, ಕುಟುಂಬ ಯೋಜನೆಗಳ ಜೊತೆಗೆ ಹಾಡು, ಕುಣಿತ, ನಾಟಕಗಳೂ ಇದ್ದವು. ರಜೆಯ ದಿನಗಳಲ್ಲಿ ಆರು ರಾಜ್ಯಗಳ ಸುಮಾರು 50,000 ಪ್ರಾಥಮಿಕ ಶಾಲಾ ಶಿಕ್ಷಕರಿಗೆ ವಿಜ್ಞಾನ ಬೋಧನೆಯ ತರಬೇತಿಯೂ ಇದೇ ದಾರಿಯಲ್ಲಿ ದೊರೆಯಿತು.

ಪರಿಣಾಮವೇನು? ಅದನ್ನು ತಿಳಿಯಲು ಸಮಾಜ ವಿಜ್ಞಾನಿಗಳು ಕೆಲವು ಹಳ್ಳಿಗಳಲ್ಲಿ ವಾಸವಾಗಿದ್ದು ಅಧ್ಯಯನ ಮಾಡಿದರು. ಆರೋಗ್ಯದ ತಿಳುವಳಿಕೆ ಹೆಚ್ಚಿತ್ತು, ಅದರಲ್ಲಿಯೂ ಓದುಬರಹ ಬಾರದವರಲ್ಲಿ. ಬೇಸಾಯದಲ್ಲಿ ಮಾತ್ರ ನಿರೀಕ್ಷಿಸಿದಷ್ಟು ಬದಲಾವಣೆ ಕಾಣಲಿಲ್ಲ. ಹೊಸ ವಿಧಾನವನ್ನು ಕಂಡರಷ್ಟೇ ಸಾಲದು. ಬೀಜ, ನೀರು, ಸಾಲ ಕೈಗೆಟುಕದಿದ್ದರೆ ರೈತನು ಕಂಡದ್ದನ್ನು ಮಾಡುವುದು ಹೇಗೆ?

ಇನ್ನೂ ಎರಡು ಮಾತುಗಳನ್ನು ಮರೆಯಬಾರದು. ಕನ್ನಡದ ಕಾರ್ಯಕ್ರಮಗಳು ತಯಾರಾಗುತ್ತಿದ್ದುದು ಹೈದರಾಬಾದಿನಲ್ಲಿ. ಹಳ್ಳಿಯವರು ಕೇಳುವವರಾಗಿದ್ದರು, ಹೇಳುವವರಾಗಿರಲಿಲ್ಲ. ಅದು ತುರ್ತು ಪರಿಸ್ಥಿತಿಯ ಕಾಲವೂ ಹೌದು. ಮೇಲಿನಿಂದ ಬಂದ ಮಾತಿಗೆ ಕೆಳಗಿನಿಂದ ಮಾರುತ್ತರ ಹೋಗುವ ದಾರಿ ಇರಲಿಲ್ಲ. ಅದೇ ಕಾಲದಲ್ಲಿ ಗುಜರಾತಿನ ಖೇಡಾ ಜಿಲ್ಲೆಯಲ್ಲಿ ಬಾಹ್ಯಾಕಾಶ ಸಂಸ್ಥೆಯವರೇ ನಡೆಸಿದ ಇನ್ನೊಂದು ಪ್ರಯೋಗದಲ್ಲಿ ಹಳ್ಳಿಗರೇ ಪಾತ್ರಧಾರಿಗಳಾಗಿ ತಮ್ಮ ಕಷ್ಟಗಳನ್ನು ತೆರೆಯ ಮೇಲೆ ಹೇಳಿದರು. ಆಕಾಶ ಯಾರಿಗಾಗಿ ಎಂದು ಕೇಳಿದಷ್ಟೇ ಮುಖ್ಯ, ಅಲ್ಲಿಂದ ಯಾರ ದನಿ ಬರುತ್ತದೆ ಎಂದು ಕೇಳುವುದು.

1976ರ ಜುಲೈ 31ರಂದು ಅವಧಿ ಮುಗಿಯಿತು. ಎರವಲು ತಂದ ಉಪಗ್ರಹ ಹಿಂದಿರುಗಿತು. ಪರರ ವಸ್ತುವನ್ನು ನೆಚ್ಚಿದರೆ ಆಗುವುದೇನೆಂಬ ಪಾಠವೂ ಇದರಲ್ಲಿತ್ತು. 1977ರಲ್ಲಿ ಗುಲ್ಬರ್ಗಾದಲ್ಲಿಯೇ ನೆಲದ ಮೇಲಿನ ದೂರದರ್ಶನ ಪ್ರೇಷಕ ಬಂತು. ನಮ್ಮದೇ ಆದ ಇನ್ಸಾಟ್-1ಬಿ ಉಪಗ್ರಹ 1983ರಲ್ಲಿ ಮೇಲೇರಿತು.

ಸಾರಾಭಾಯಿ ಹಚ್ಚಿದ ದೀಪವನ್ನು ಮುಂದೆ ಒಯ್ದವರಲ್ಲಿ ಪ್ರಮುಖರು ಅವರ ಶಿಷ್ಯ, ಉಡುಪಿ ಬಳಿಯ ಅದಮಾರಿನ ಯು.ಆರ್. ರಾವ್ (1932–2017). ಅವರೂ ವಿಶ್ವಕಿರಣಗಳ ಸಂಶೋಧಕರೇ. ಸೈಟ್ ಆರಂಭವಾದ 1975ರಲ್ಲಿಯೇ, ಏಪ್ರಿಲ್ 19ರಂದು, ಅವರ ನೇತೃತ್ವದಲ್ಲಿ ಬೆಂಗಳೂರಿನ ಪೀಣ್ಯದಲ್ಲಿ ಸಿದ್ಧವಾದ 'ಆರ್ಯಭಟ' ಕಕ್ಷೆ ಸೇರಿತು. ಮುಂದೆ ಬಾಹ್ಯಾಕಾಶದ ಶಾಂತಿಯುತ ಬಳಕೆಗಾಗಿ ಇರುವ ವಿಶ್ವಸಂಸ್ಥೆಯ ಸಮಿತಿಗೂ ಅವರು ಅಧ್ಯಕ್ಷರಾದರು. ಇಂದು ಭೂಮಿಯ ಸುತ್ತ ಸಾವಿರಾರು ಉಪಗ್ರಹಗಳು ಸುತ್ತುತ್ತಿವೆ. ಕೆಟ್ಟು ನಿಂತವುಗಳ ಚೂರುಗಳೂ ಅಷ್ಟೇ ವೇಗದಲ್ಲಿ ಸುತ್ತುತ್ತಿವೆ. ಇದಕ್ಕೆ ಕಡಿವಾಣ ಹಾಕುವ ಮಾರ್ಗಸೂಚಿಗಳನ್ನು ಆ ಸಮಿತಿ ರೂಪಿಸಿದ್ದು 2007ರಲ್ಲಿ. ಸಾರಾಭಾಯಿ ಎತ್ತಿದ ಪ್ರಶ್ನೆ ಹಳೆಯದಾಗಿಲ್ಲ.

ವಿದ್ಯಾರ್ಥಿಗಳೇ, ನಿಮ್ಮ ಊರು ಈ ಮೂರು ತಾಲ್ಲೂಕುಗಳಲ್ಲಿದ್ದರೆ ಒಂದು ಕೆಲಸ ಮಾಡಿ. 1975ರಲ್ಲಿ ಶಾಲೆಗೆ ಹೋಗುತ್ತಿದ್ದ ಹಿರಿಯರನ್ನು ಹುಡುಕಿ, ಊರಿನಲ್ಲಿಯೋ ನೆರೆಯ ಹಳ್ಳಿಯಲ್ಲಿಯೋ ಆ ಕೊಡೆಯಂಥ ಆಂಟೆನಾ ಇತ್ತೆ, ಅಲ್ಲಿ ಏನು ಕಂಡಿರಿ, ಏನು ಕೇಳಬೇಕೆಂದಿದ್ದರೂ ಕೇಳಲಾಗಲಿಲ್ಲ ಎಂದು ವಿಚಾರಿಸಿ ಬರೆದಿಡಿ. ಉಪಗ್ರಹ ಕಳುಹಿಸಿದವರ ವರದಿಗಳು ಇವೆ. ನೋಡಿದವರ ಮಾತು ಇನ್ನೂ ಬರೆಯಬೇಕಾದಷ್ಟಿದೆ.