ಚಿಕ್ಕಪ್ಪನ ಮುಷ್ಟಿ, ಚಿಕ್ಕಪ್ಪನ ಕಣ್ಣು

ತುರುವೇಕೆರೆ ಕಡೆಯ ನಮ್ಮ ತೋಟದ ಮನೆಯಲ್ಲಿ ಅಟ್ಟದಿಂದ ಕೊಬ್ಬರಿ ಇಳಿಸುವ ದಿನ ಚಿಕ್ಕಪ್ಪನನ್ನು ಗೇಲಿ ಮಾಡೋದೇ ನಮ್ಮ ಆಟ. ಅವರು ಮಚ್ಚು ಹಿಡಿದರೆ ಬಿಡೋಕೆ ಆಗ್ತಿರಲಿಲ್ಲ. ಬೆರಳು ಒಂದೊಂದಾಗಿ ಬಿಚ್ಚಿಕೊಳ್ಳಬೇಕು. ನಾಲ್ಕೈದು ಸಲ ಮುಷ್ಟಿ ಮುಚ್ಚಿ ತೆರೆದರೆ ಸಲೀಸು. ನಲವತ್ತಕ್ಕೇ ಕಣ್ಣಿಗೆ ಪೊರೆ ಬಂತು, ಆಪರೇಷನ್ನೂ ಆಯ್ತು. ಆಮೇಲೂ ಬೆಳಿಗ್ಗೆ ಎದ್ದರೆ ಮಂಜು, ಮಧ್ಯಾಹ್ನಕ್ಕೆ ತಿಳಿ. ಕಣ್ಣು ನೋಡಿದ ಡಾಕ್ಟರು ಕೈ ನೋಡಲಿಲ್ಲ, ಕೈ ನೋಡಿದವರು ಕಣ್ಣು ನೋಡಲಿಲ್ಲ.

ಕೊನೆಗೆ ಬೆಂಗಳೂರಿನ ನರರೋಗ ವೈದ್ಯರೊಬ್ಬರು ಕೈ ಕುಲುಕಿಯೇ ಹೆಸರು ಹೇಳಿದರು: ಮಯೊಟಾನಿಕ್ ಡಿಸ್ಟ್ರೊಫಿ. ಅಂದಿನಿಂದ ಇದರ ಚರಿತ್ರೆ ಕೆದಕುತ್ತಿದ್ದೇನೆ.

1909ರಲ್ಲಿ ಜರ್ಮನಿಯ ಸ್ಟೈನರ್ಟ್, ಇಂಗ್ಲೆಂಡಿನ ಬ್ಯಾಟನ್ ಮತ್ತು ಗಿಬ್ ಇದನ್ನು ಸ್ನಾಯುರೋಗವೆಂದು ಬರೆದರು. 1911ರಲ್ಲಿ ಗ್ರೀನ್‌ಫೀಲ್ಡ್ ಒಂದೇ ಕುಟುಂಬದಲ್ಲಿ ಈ ರೋಗವನ್ನೂ ಬೇಗ ಬರುವ ಪೊರೆಯನ್ನೂ ಜೊತೆಗೆ ಕಂಡರು. 1918ರಲ್ಲಿ ಕಣ್ಣಿನ ವೈದ್ಯ ಫ್ಲೈಶರ್ ವಂಶಾವಳಿ ಹಿಡಿದು ಹಿಂದಕ್ಕೆ ಹೋದರು. ಹಿರಿಯರಿಗೆ ಬರೀ ಪೊರೆ, ಮುಂದಿನವರಿಗೆ ಸ್ನಾಯುರೋಗ! ಕಾರಣ ಸಿಕ್ಕಿದ್ದು 1992ರಲ್ಲಿ: 19ನೇ ಕ್ರೋಮೋಸೋಮಿನ ಒಂದು ಜೀನಿನಲ್ಲಿ ಸಿ-ಟಿ-ಜಿ ಎಂಬ ಮೂರಕ್ಷರ ಅತಿಯಾಗಿ ಮರುಕಳಿಸುತ್ತದೆ, ತಲೆಮಾರು ದಾಟಿದಂತೆ ಬಹಳ ಸಲ ಇನ್ನೂ ಉದ್ದವಾಗುತ್ತದೆ.

ಕಾರ್ನಿಯಾದ ಕಥೆ ಬೇರೆಯೇ ದಾರಿಯಲ್ಲಿ ಬಂತು. ಕರಿಗುಡ್ಡೆಯ ಮೇಲಿನ ಆ ಗಾಜಿನಂಥ ಪದರದ ಒಳಮೈಯಲ್ಲಿ ಒಂದೇ ಸಾಲು ಕೋಶಗಳು, ತೋಟದ ಮೋಟಾರಿನ ಹಾಗೆ ನೀರು ಹೊರಹಾಕುತ್ತಲೇ ಇರುತ್ತವೆ. ಅವು ಸತ್ತರೆ ಹೊಸದು ಹುಟ್ಟೋದು ಇಲ್ಲವೆಂದೇ ಹೇಳಬೇಕು. ಆಗ ಕಾರ್ನಿಯಾ ಊದಿ ಮಬ್ಬಾಗುತ್ತದೆ. ರಾತ್ರಿ ರೆಪ್ಪೆ ಮುಚ್ಚಿ ನೀರು ಆರದ್ದರಿಂದ ಬೆಳಗಿನ ಮಂಜು. ವಿಯೆನ್ನಾದ ಫುಕ್ಸ್ 1910ರಲ್ಲೇ ಈ ಕಾಯಿಲೆಯನ್ನು ವರ್ಣಿಸಿದ್ದರು. ಆದರೆ ಬಹುಕಾಲ ಇವೆರಡೂ ಬೇರೆಬೇರೆ ಕಥೆಗಳಾಗಿಯೇ ಉಳಿದವು.

2012ರಲ್ಲಿ ಫುಕ್ಸ್ ಕಾಯಿಲೆಯ ಎಷ್ಟೋ ಜನರಲ್ಲಿ 18ನೇ ಕ್ರೋಮೋಸೋಮಿನ ಮೇಲೆ ಅದೇ ಸಿ-ಟಿ-ಜಿ ಮರುಕಳಿಕೆ ಸಿಕ್ಕಿತು. ಎರಡರಲ್ಲೂ ಉದ್ದನೆಯ ಆರ್‌ಎನ್‌ಎ ಕೋಶಕೇಂದ್ರದಲ್ಲಿ ಗಂಟುಕಟ್ಟಿ, ಬೇಕಾದ ಪ್ರೋಟೀನನ್ನು ಹಿಡಿದಿಟ್ಟುಕೊಳ್ಳುತ್ತದೆ, ಚಿಕ್ಕಪ್ಪನ ಮುಷ್ಟಿಯ ಹಾಗೆ. 2017ರ ಹೊತ್ತಿಗೆ ಮಯೊಟಾನಿಕ್ ಡಿಸ್ಟ್ರೊಫಿಯ ಕೆಲವರ ಕಾರ್ನಿಯಾದಲ್ಲೇ ಈ ಗಂಟುಗಳನ್ನು ಕಂಡರು.

ಎಲ್ಲರಿಗೂ ಹೀಗಾಗುವುದಿಲ್ಲ. ಆದರೆ ಪೊರೆಯ ಆಪರೇಷನ್ನಿನಲ್ಲಿ ಒಂದಿಷ್ಟು ಕಾರ್ನಿಯಾ ಕೋಶ ಸಾಯೋದು ಸಹಜ. ಮೊದಲೇ ಕಮ್ಮಿ ಇದ್ದವರಿಗೆ ಅದೇ ಪೆಟ್ಟು. ಅದಕ್ಕೇ ನಿಮ್ಮಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿಗೇ ಪೊರೆ ಬಂದು, ಹಿಡಿದ ಮುಷ್ಟಿ ಬಿಡೋದು ನಿಧಾನವಿದ್ದರೆ ಎರಡನ್ನೂ ಒಬ್ಬರೇ ಡಾಕ್ಟರಿಗೆ ಹೇಳಿ. ಆಪರೇಷನ್ನಿಗೆ ಮುಂಚೆ ಕಾರ್ನಿಯಾದ ಕೋಶ ಎಣಿಸಲು ಕೇಳಿ.

ಹೋದ ಸಲ ಊರಿಗೆ ಹೋದಾಗ ಚಿಕ್ಕಪ್ಪನ ಮಗನ ಕೈ ಕುಲುಕಿದೆ. ಅಪ್ಪನ ರೋಗ ಮಗನಿಗೆ ಬರುವ ಸಾಧ್ಯತೆ ಅರ್ಧಕ್ಕರ್ಧ. ಅವನು ನಗುತ್ತಲೇ ಇದ್ದ... ಕೈ ಮಾತ್ರ ಬಿಡಲಿಲ್ಲ.