ಫ್ರೇಸಲ್ ವರ್ಬ್, ನುಡಿಗಟ್ಟು, ಪ್ರೆಪೊಸಿಷನ್: ಕನ್ನಡಿಗರ ಇಂಗ್ಲಿಷ್ ಕಲಿಕೆ

ಇಂಗ್ಲಿಷಿನ ಸರಳ ಕ್ರಿಯಾಪದವೊಂದಕ್ಕೆ ‘ಅಪ್’, ‘ಆಫ್’, ‘ಔಟ್’, ‘ಡೌನ್’ ಮುಂತಾದ ಕಿರುಪದ ಸೇರಿ ಬೇರೆಯದೇ ಅರ್ಥ ಹುಟ್ಟಿದರೆ ಅದನ್ನು ಫ್ರೇಸಲ್ ವರ್ಬ್ ಎನ್ನುತ್ತಾರೆ. ‘ಗಿವ್’ ಎಂದರೆ ಕೊಡು, ‘ಗಿವ್ ಅಪ್’ ಎಂದರೆ ಕೈಬಿಡು; ‘ಪುಟ್’ ಎಂದರೆ ಇಡು, ‘ಪುಟ್ ಅಪ್ ವಿತ್’ ಎಂದರೆ ಸಹಿಸಿಕೊ. ಪರಭಾಷಿಕರಿಗೆ ಇಂಗ್ಲಿಷಿನ ಅತಿ ದೊಡ್ಡ ತೊಡಕು ಇದೇ ಎಂದು ಸ್ಯಾಮ್ಯುಯೆಲ್ ಜಾನ್ಸನ್ 1755ರ ತನ್ನ ನಿಘಂಟಿನ ಮುನ್ನುಡಿಯಲ್ಲಿ ಬರೆದಿದ್ದ. ಫ್ರೇಸಲ್ ವರ್ಬ್ ಎಂಬ ಹೆಸರು ಬಳಕೆಗೆ ಬಂದದ್ದು ಬಹಳ ತಡವಾಗಿ, ಲೋಗನ್ ಪಿಯರ್ಸಾಲ್ ಸ್ಮಿತ್‌ನ ‘ವರ್ಡ್ಸ್ ಅಂಡ್ ಇಡಿಯಮ್ಸ್’ (1925) ಪುಸ್ತಕದ ಮೂಲಕ. ನುಡಿಗಟ್ಟು ಮತ್ತು ಪ್ರೆಪೊಸಿಷನ್ ಬಳಕೆಗಳನ್ನೂ ಸಾಮಾನ್ಯವಾಗಿ ಇದರ ಜೊತೆಯಲ್ಲೇ ಕಲಿಸುತ್ತಾರೆ.

ಕನ್ನಡಿಗರ ಮಟ್ಟಿಗೆ ಈ ಕಲಿಕೆ ಶಾಲೆಯಲ್ಲಷ್ಟೇ ನಡೆದದ್ದಲ್ಲ. ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನ ಬ್ಲಫ್ ಇದಕ್ಕೆ ಒಳ್ಳೆಯ ಉದಾಹರಣೆ. ಶಿವನಸಮುದ್ರದ ಗಗನಚುಕ್ಕಿ ಜಲಪಾತದ ಬಳಿಯ ಈ ಸ್ಥಳದ ವಿದ್ಯುತ್ ಕೇಂದ್ರದಿಂದ 1902ರಲ್ಲಿ ಸುಮಾರು 92 ಮೈಲಿ ದೂರದ ಕೋಲಾರ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು. 1905ರಲ್ಲಿ ಬೆಂಗಳೂರಿಗೂ ಬೆಳಕು ಬಂತು. ವಿದ್ಯುತ್ತಿನ ಜೊತೆಗೆ ಅದರ ಕೆಲಸದ ಮಾತೂ ಈ ಸೀಮೆಗೆ ಬಂತು. ಇವತ್ತು ಮಂಡ್ಯದ ಯಾವ ಹಳ್ಳಿಯಲ್ಲಾದರೂ ‘ಸ್ವಿಚ್ ಆಫ್ ಮಾಡು’, ‘ಲೈನ್ ಶಟ್‌ಡೌನ್ ಆಗಿದೆ’, ‘ಬಸ್ಸು ಬ್ರೇಕ್‌ಡೌನ್ ಆಯ್ತು’, ‘ಫೋನು ಸ್ವಿಚಾಫ್’ ಎಂಬ ಮಾತು ಕೇಳುತ್ತದೆ. ಎಂದೂ ಇಂಗ್ಲಿಷ್ ಓದದವರೂ ಇವನ್ನು ಸರಿಯಾದ ಅರ್ಥದಲ್ಲೇ ಆಡುತ್ತಾರೆ. ಕನ್ನಡ ಈ ಜೋಡಿಪದಗಳನ್ನು ಇಡಿಯಾಗಿ ಎತ್ತಿಕೊಂಡು ‘ಮಾಡು’, ‘ಆಗು’ ಎಂಬ ತನ್ನ ಕ್ರಿಯಾಪದಗಳಿಗೆ ಕಟ್ಟಿಕೊಂಡಿದೆ. ಕಲಿಸುವವರು ಆರಂಭಿಸಬೇಕಾದದ್ದು ಇಲ್ಲಿಂದ. ಆದರೆ ಬಹುತೇಕ ಮಾರ್ಗದರ್ಶಿ ಪುಸ್ತಕಗಳು ಅಕಾರಾದಿ ಪಟ್ಟಿಯಿಂದ ಆರಂಭಿಸುತ್ತವೆ, ವಿದ್ಯಾರ್ಥಿ ಉರುಹೊಡೆದು ಪರೀಕ್ಷೆ ಮುಗಿದ ಮೇಲೆ ಮರೆಯುತ್ತಾನೆ.

ಪ್ರೆಪೊಸಿಷನ್ ತಪ್ಪುಗಳ ಬೇರು ಕನ್ನಡದ ವಿಭಕ್ತಿಯಲ್ಲಿದೆ. ಹದಿಮೂರನೆಯ ಶತಮಾನದ ಕೇಶಿರಾಜನ ‘ಶಬ್ದಮಣಿದರ್ಪಣ’ದಿಂದ ಇಂದಿನ ಶಾಲಾ ವ್ಯಾಕರಣದವರೆಗೆ ನಾವು ಓದುವ ಏಳು ವಿಭಕ್ತಿಗಳ ಪ್ರತ್ಯಯಗಳು ನಾಮಪದದ ಕೊನೆಗೆ ಬರುತ್ತವೆ, ಇಂಗ್ಲಿಷಿನ ಪ್ರೆಪೊಸಿಷನ್ ನಾಮಪದಕ್ಕೆ ಮೊದಲು. ಜಾಗ ಬದಲಾದದ್ದು ದೊಡ್ಡ ತೊಡಕಲ್ಲ, ಮಕ್ಕಳು ಅದನ್ನು ಬೇಗ ದಾಟುತ್ತಾರೆ. ನಿಜವಾದ ತೊಡಕು ಅರ್ಥದ ಹರವಿನದು. ‘ಚಾಕುವಿನಿಂದ’, ‘ಮದ್ದೂರಿನಿಂದ’, ‘ಬೆಳಿಗ್ಗೆಯಿಂದ’, ‘ಸಂತೋಷದಿಂದ’ ಎಂಬ ನಾಲ್ಕಕ್ಕೂ ಕನ್ನಡದಲ್ಲಿ ಒಂದೇ ‘ಇಂದ’. ಇಂಗ್ಲಿಷ್ ‘ವಿತ್’, ‘ಫ್ರಮ್’, ‘ಸಿನ್ಸ್’ ಎಂದು ಹಂಚಿ, ಕೊನೆಯದಕ್ಕೆ ಹೆಚ್ಚಾಗಿ ಬೇರೆ ಕ್ರಿಯಾವಿಶೇಷಣವನ್ನೇ ಬಳಸುತ್ತದೆ. ‘ಅಲ್ಲಿ’ ಎಂಬ ಸಪ್ತಮಿಯೂ ‘ಇನ್’, ‘ಆನ್’, ‘ಅಟ್’ ಮೂರರ ಕೆಲಸ ಮಾಡುತ್ತದೆ. ‘ನನ್ನ ಮೇಲೆ ಕೋಪ’ ಎನ್ನುವ ಮಗು ‘ಆಂಗ್ರಿ ಆನ್ ಮಿ’ ಎನ್ನುತ್ತದೆ. ‘ಅವನಿಗೆ ಹೇಳಿದೆ’ ಎಂಬುದು ‘ಟೋಲ್ಡ್ ಟು ಹಿಮ್’ ಆಗುತ್ತದೆ. ‘ಅದರ ಬಗ್ಗೆ ಚರ್ಚಿಸಿದೆವು’ ಎಂಬುದರಿಂದ ‘ಡಿಸ್ಕಸ್ಡ್ ಅಬೌಟ್’ ಹುಟ್ಟುತ್ತದೆ. ಇವು ಬುದ್ಧಿ ಸಾಲದ್ದರಿಂದ ಬಂದ ತಪ್ಪುಗಳಲ್ಲ, ಮೊದಲ ಭಾಷೆಯನ್ನು ಚೆನ್ನಾಗಿ ಬಲ್ಲವರು ಮಾಡುವ ತಪ್ಪುಗಳು. ಕೆಂಪು ಶಾಯಿ ಹಿಡಿಯುವ ಮುನ್ನ ಶಿಕ್ಷಕರು ಇದನ್ನು ಗಮನದಲ್ಲಿಡಬೇಕು.

ಫ್ರೇಸಲ್ ವರ್ಬ್‌ನಂಥ ರಚನೆ ಕನ್ನಡಕ್ಕೆ ಹೊಸದೂ ಅಲ್ಲ. ನೋಡಿಕೊಳ್ಳು, ಬಿಟ್ಟುಕೊಡು, ಕಂಡುಹಿಡಿ, ತಳ್ಳಿಹಾಕು, ಕೆಟ್ಟುಹೋಗು ಎಂಬ ಸಂಯುಕ್ತ ಕ್ರಿಯಾಪದಗಳಲ್ಲಿ ಎರಡನೆಯ ಪದ ತನ್ನ ಮೂಲ ಅರ್ಥವನ್ನು ಬಹುಪಾಲು ಕಳೆದುಕೊಂಡಿದೆ. ‘ಕೆಟ್ಟೋಯ್ತು’ ಎನ್ನುವಾಗ ಏನೂ ಎಲ್ಲಿಗೂ ಹೋಗುವುದಿಲ್ಲ. ‘ಬುಟ್ಬುಡು’ ಎನ್ನುವಾಗ ಎರಡನೆಯ ‘ಬಿಡು’ ಕ್ರಿಯೆಗೆ ಮುಗಿತಾಯದ ಬಲವನ್ನಷ್ಟೇ ಕೊಡುತ್ತದೆ. ‘ಈಟ್ ಅಪ್’, ‘ಯೂಸ್ ಅಪ್’ ಎಂಬಲ್ಲಿ ‘ಅಪ್’ ಮಾಡುವುದೂ ಇದನ್ನೇ: ತಿಂದುಬಿಡು, ಬಳಸಿಬಿಡು. ನಾಮಪದ ಸೇರಿದ ರಚನೆಗಳು ಇನ್ನೂ ಗೂಢ. ಪಂಪ್‌ಸೆಟ್ ನಿಂತಾಗ ‘ಮೋಟ್ರು ಕೈಕೊಡ್ತು’ ಎನ್ನುವ ರೈತನಿಗೆ ‘ಲೆಟ್ ಡೌನ್’ ಎಂಬುದರ ಒಳಗುಟ್ಟು ಆಗಲೇ ಗೊತ್ತಿದೆ.

ಎರಡೂ ಭಾಷೆಗಳ ಜೋಡಿಪದಗಳು ಬೇರೆಯಾಗುವುದು ವಾಕ್ಯದೊಳಗೆ. ಇಂಗ್ಲಿಷಿನ ಜೋಡಿ ಒಡೆಯಬಲ್ಲದು. ‘ಸ್ವಿಚ್ ಆಫ್ ದ ಲೈಟ್’, ‘ಸ್ವಿಚ್ ದ ಲೈಟ್ ಆಫ್’ ಎರಡೂ ಸರಿ. ಆದರೆ ಕರ್ಮಪದ ಸರ್ವನಾಮವಾದರೆ ‘ಸ್ವಿಚ್ ಇಟ್ ಆಫ್’ ಮಾತ್ರ ಸರಿ, ‘ಸ್ವಿಚ್ ಆಫ್ ಇಟ್’ ಆಗದು. ‘ಲುಕ್ ಆಫ್ಟರ್’ ಹಾಗೆ ಒಡೆಯುವುದಿಲ್ಲ. ಕನ್ನಡದ ಜೋಡಿಯ ನಡುವೆ ಒತ್ತಿನ ‘ಏ’ ನುಗ್ಗಬಹುದು, ಬಂದೇಬಿಟ್ಟ ಎಂಬಂತೆ, ಕರ್ಮಪದ ನುಗ್ಗಲಾರದು. ಹಾಗಾಗಿ ಈ ಒಂದು ನಿಯಮಕ್ಕೆ ಕನ್ನಡದ ಆಸರೆ ಸಿಗುವುದಿಲ್ಲ, ಅಭ್ಯಾಸದಿಂದಲೇ ಬರಬೇಕು. ಸ್ವರಭಾರವೂ ಹಾಗೆಯೇ: ಕ್ರಿಯೆಯಾಗಿ ಆಡುವಾಗ ‘ಡೌನ್’ ಮೇಲೆ ಬೀಳುವ ಒತ್ತು, ‘ಬ್ರೇಕ್‌ಡೌನ್’ ನಾಮಪದವಾದಾಗ ‘ಬ್ರೇಕ್’ ಮೇಲೆ ಬೀಳುತ್ತದೆ.

ನುಡಿಗಟ್ಟುಗಳಲ್ಲಿ ಕೆಲವು ಎರಡೂ ಭಾಷೆಗಳಲ್ಲಿ ಒಂದೇ ಚಿತ್ರದಿಂದ ಮೂಡಿವೆ. ಕಣ್ಣಿಗೆ ಮಣ್ಣೆರಚುವುದು, ಗಾಯದ ಮೇಲೆ ಉಪ್ಪು ಸವರುವುದು ಅಂಥವು. ಅಪಾಯವಿರುವುದು ಅರ್ಧ ಹೊಂದುವ ಕಡೆ. ‘ಕಾಲೆಳೆಯುವುದು’ ಎಂದರೆ ನಮ್ಮಲ್ಲಿ ತಮಾಷೆ ಮಾಡುವುದೂ ಹೌದು, ಮೇಲೇರುತ್ತಿರುವವನನ್ನು ಕೆಳಕ್ಕೆ ಜಗ್ಗುವುದೂ ಹೌದು. ಇಂಗ್ಲಿಷಿನ ‘ಪುಲ್ ಸಮ್‌ವನ್ಸ್ ಲೆಗ್’ನಲ್ಲಿ ಎರಡನೆಯ ಅರ್ಥವಿಲ್ಲ.

ಕರ್ನಾಟಕದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮೊದಲು ಐದನೇ ತರಗತಿಯಿಂದ ಶುರುವಾಗುತ್ತಿತ್ತು. 2007–08ರಿಂದ ಒಂದನೇ ತರಗತಿಯಿಂದಲೇ ಅದು ಒಂದು ವಿಷಯವಾಗಿದೆ. ವ್ಯಾಕರಣವನ್ನು ನೇರವಾಗಿ ಬೋಧಿಸದೆ ಭಾಷೆ ಕಲಿಸುವ ಹೆಸರಾಂತ ಪ್ರಯೋಗವೊಂದು ನಡೆದದ್ದು ದಕ್ಷಿಣ ಭಾರತದ ಶಾಲೆಗಳಲ್ಲೇ. ಎನ್. ಎಸ್. ಪ್ರಭು 1979ರಿಂದ 1984ರವರೆಗೆ ನಡೆಸಿದ ಈ ಯೋಜನೆ ಜಗತ್ತಿನಾದ್ಯಂತ ‘ಬೆಂಗಳೂರು ಪ್ರಾಜೆಕ್ಟ್’ ಎಂದೇ ಪ್ರಸಿದ್ಧ. ಮಕ್ಕಳು ನಕ್ಷೆ ನೋಡಿ ದಾರಿ ಹೇಳುತ್ತಿದ್ದರು, ರೈಲ್ವೆ ವೇಳಾಪಟ್ಟಿ ಓದಿ ಲೆಕ್ಕ ಹಾಕುತ್ತಿದ್ದರು. ಗಮನ ಅರ್ಥದ ಮೇಲಿದ್ದಾಗಲೇ ಭಾಷೆಯ ರೂಪ ಚೆನ್ನಾಗಿ ಕೂರುತ್ತದೆ ಎಂಬುದು ಪ್ರಭು ಅವರ ವಾದ. ಪ್ರೆಪೊಸಿಷನ್ನಿಗಂತೂ ಈ ದಾರಿ ಹೇಳಿ ಮಾಡಿಸಿದಂತಿದೆ: ಸೇತುವೆಯ ಮೇಲೆ, ಕೆಳಗೆ, ಆಚೆಗೆ ಎಂಬುದು ನಕ್ಷೆಯಲ್ಲಿ ಬೆರಳಿಟ್ಟರೆ ಕಾಣುತ್ತದೆ.

ಎಷ್ಟು ಕಲಿಯಬೇಕು ಎಂಬ ಪ್ರಶ್ನೆಗೆ ಈಗ ಸಮಾಧಾನದ ಉತ್ತರವಿದೆ. ಇಂಗ್ಲಿಷಿನಲ್ಲಿ ಫ್ರೇಸಲ್ ವರ್ಬ್‌ಗಳು ಸಾವಿರಾರು. ಆದರೆ ಸಂಶೋಧಕರಾದ ಮೆಲೊಡಿ ಗಾರ್ನಿಯೆ ಮತ್ತು ನಾರ್ಬರ್ಟ್ ಶ್ಮಿಟ್ 2015ರಲ್ಲಿ ಅತಿ ಹೆಚ್ಚು ಬಳಕೆಯ 150ನ್ನು ಆರಿಸಿ, ಒಂದೊಂದರ ಮುಖ್ಯ ಅರ್ಥಗಳನ್ನಷ್ಟೇ ಕೊಟ್ಟು ಪಟ್ಟಿ ಪ್ರಕಟಿಸಿದರು. ತಪ್ಪಿಸಿಕೊಳ್ಳುವ ಪ್ರವೃತ್ತಿಯೂ ದಾಖಲಾಗಿದೆ: ಹೀಬ್ರೂ ಭಾಷಿಕರು ಫ್ರೇಸಲ್ ವರ್ಬ್ ಬಿಟ್ಟು ಒಂಟಿ ಕ್ರಿಯಾಪದ ಹಿಡಿಯುತ್ತಾರೆ ಎಂದು ಡಗುಟ್ ಮತ್ತು ಲೌಫರ್ 1985ರಲ್ಲಿ ತೋರಿಸಿದರು. ‘ಪುಟ್ ಆಫ್’ ಬದಲು ‘ಪೋಸ್ಟ್‌ಪೋನ್’, ‘ಲುಕ್ ಇನ್‌ಟು’ ಬದಲು ‘ಇನ್ವೆಸ್ಟಿಗೇಟ್’ ಎನ್ನುವ ನಮ್ಮವರ ಇಂಗ್ಲಿಷಿನಲ್ಲೂ ಅದೇ ಒಲವು ಕಾಣುತ್ತದೆ. ಪುಸ್ತಕದ ಗದ್ಯದಿಂದ ಕಲಿತವರ ಮಾತು ಹಾಗಿರುವುದು ಸಹಜ.

ಭಾರತದಲ್ಲಿ ಬೆಳೆದ ಬಳಕೆಗಳ ಕಡೆ ಕೊಂಚ ಎಚ್ಚರ ಬೇಕು. ‘ಕೋಪ್ ವಿತ್’ ನಮ್ಮಲ್ಲಿ ‘ಕೋಪ್ ಅಪ್ ವಿತ್’ ಆಗಿದೆ. ಹೊರಗಿನವರು ಅದನ್ನು ತಪ್ಪೆಂದೇ ಎಣಿಸುತ್ತಾರೆ. ‘ಪಾಸ್ ಔಟ್’ ಮಾತ್ರ ಹಾಗಲ್ಲ. ಕಾಲೇಜು ಮುಗಿಸಿದೆ ಎಂಬ ಅರ್ಥದಲ್ಲಿ ಮಂಡ್ಯದ ಪದವೀಧರ ಅದನ್ನು ಬಳಸಿದರೆ ಲಂಡನ್ನಿನ ಕೇಳುಗ ಮೂರ್ಛೆ ಹೋದ ಎಂದು ತಿಳಿದಾನು, ನಿಜ. ಆದರೆ ಸೈನಿಕ ತರಬೇತಿ ಮುಗಿಸಿ ಹೊರಬರುವುದಕ್ಕೆ ಬ್ರಿಟಿಷರೂ ಅದೇ ಮಾತನ್ನು ಬಳಸುತ್ತಾರೆ, ‘ಪಾಸಿಂಗ್ ಔಟ್ ಪೆರೇಡ್’ ಅಲ್ಲಿಯದೇ. ಭಾರತದೊಳಗೆ ಅದನ್ನು ತಪ್ಪೆಂದು ತಿದ್ದುವ ಅಗತ್ಯವಿಲ್ಲ. ವಿದೇಶದ ಅರ್ಜಿಯಲ್ಲಿ ‘ಗ್ರಾಜುಯೇಟ್’ ಎಂದು ಬರೆದರಾಯಿತು.